ಸತ್ತ ಪರ್ವತದ ಬುಡದಿಂದ ಬಂದವರು

ಬಾಯಮ್ಮ ತೀರಿಹೋದ ಸುದ್ದಿ ನಮ್ಮ ಬಿಲ್ಡಿಂಗಿನ ಹಳೆಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಕುವೈತಿನಲ್ಲಿ, ಮಿರ್ಕಾಬಿನ ಆಫೀಸಿನಲ್ಲಿದ್ದೆ. ಊರಿನಲ್ಲಿ, ತಂಗಿಯ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋದರಂತೆ. ನೋಡನೋಡುತ್ತಿದ್ದಂತೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಯಾರೋ ‘ಧೈರ್ಯವಂತೆ’ ಎಂದು ಬರೆದರು. ಅದರ ಕೆಳಗೆ ಇನ್ನಷ್ಟು ಜನ ಅದನ್ನೇ ಬರೆದರು.

ನನಗೆ ಕಸಿವಿಸಿಯಾಯಿತು. ನನ್ನ ಬದುಕಿನಲ್ಲಿ ನಾನು ಕಂಡ ಮನುಷ್ಯರಲ್ಲೆಲ್ಲ ಅತಿ ಹೆಚ್ಚು ಹೆದರುತ್ತಿದ್ದವರು ಬಾಯಮ್ಮ. ಆ ಹೆದರಿಕೆಯನ್ನು ಬಿಟ್ಟು ಅವರ ಬಗ್ಗೆ ಏನು ಬರೆದರೂ ಅದು ಬೇರೆ ಯಾರದೋ ಚಿತ್ರವಾಗುತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕ್ರಿಶ್ಚಿಯನ್ ಹೆಂಗಸರನ್ನು ನಾವು ತುಳುವರು ಪ್ರೀತಿಯಿಂದ ಕರೆಯುವಂತೆ ನಾನೂ ಬಾಯಮ್ಮ ಎನ್ನುತ್ತಿದ್ದೆ. ನನ್ನಿಂದಾಗಿ ಬಿಲ್ಡಿಂಗಿನ ಮಲಯಾಳಿಗಳೂ, ಗೋವಾದವರೂ ಹಾಗೆಯೇ ಕರೆಯತೊಡಗಿದರು. ಸಾಲ್ಮಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದರು. ಮದುವೆಯಾಗಿರಲಿಲ್ಲ. ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಿದ್ದರು, ನೆಲದಲ್ಲಿ ಏನೋ ಬಿದ್ದಿದೆಯೇನೋ ಎಂದು ಹುಡುಕುವವರಂತೆ.

ನಾವು ಆ ಬಿಲ್ಡಿಂಗಿಗೆ ಬಂದ ಮೊದಲ ವಾರವೇ ಅವರನ್ನು ನೋಡಿದ್ದೆ. ಸಂಜೆ ಆಫೀಸಿನಿಂದ ಬಂದು ಟ್ಯಾಕ್ಸಿ ಇಳಿದಾಗ, ಪಾರ್ಕಿಂಗ್ ಜಾಗದ ನಡುವೆ ಒಬ್ಬ ಹೆಂಗಸು ಮನೆಯ ನೈಟಿಯ ಮೇಲೆ ಕೋಟು ಹಾಕಿಕೊಂಡು ಅಲುಗಾಡದೆ ನಿಂತಿದ್ದರು. ಒಂದು ಕೈಯಲ್ಲಿ ಚೀಲ. ಪಕ್ಕದ ರಸ್ತೆಯಲ್ಲಿ ಡಾಂಬರು ಹಾಕುವ ರೋಲರ್ ಹೋಗುತ್ತಿತ್ತು.

ನನ್ನ ಕೈಯಲ್ಲಿದ್ದ ಕುಸುಬಲಕ್ಕಿಯ ಚೀಲ ನೋಡಿ ನಮ್ಮ ಕಡೆಯವಳೆಂದು ಊಹಿಸಿರಬೇಕು. “ನಿಮಗೂ ಗೊತ್ತಾಯ್ತಾ?” ಎಂದು ಕನ್ನಡದಲ್ಲೇ ಕೇಳಿದರು.

“ಎಂತದು?”

“ನೆಲ.”

“ಅದು ರೋಲರ್ ಅಲ್ವಾ?”

ಅವರು ರಸ್ತೆಯ ಕಡೆ ನೋಡಿದರು. ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. “ರೋಲರ್ ಹೌದು,” ಎಂದರು. “ಆದರೂ ಅದು ಹೋಗುವವರೆಗೆ ನಿಲ್ತೇನೆ. ನೀವು ಹೋಗಿ.”

ಬಾಯಮ್ಮ ಇದ್ದದ್ದು ಮೊದಲ ಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡ ಒಂದು ಕೋಣೆಯ ಮನೆಯಲ್ಲಿ. ಅದಕ್ಕಿಂತ ಮೇಲಿನ ಮನೆ ಅಗ್ಗಕ್ಕೆ ಸಿಕ್ಕಿದರೂ ಬೇಡ ಎಂದಿದ್ದರಂತೆ. ಅವರ ಗೋಡೆಯ ಮೇಲೆ ಏನೂ ಇರಲಿಲ್ಲ. ಕ್ಯಾಲೆಂಡರ್ ಕೂಡ ಮೇಜಿನ ಮೇಲೆ ಮಲಗಿತ್ತು. ಮಂಚದ ಕೆಳಗೆ ಬೂಟು, ಬಾಗಿಲ ಹಿಂದೆ ಚೀಲ. ಆ ಚೀಲದಲ್ಲಿ ನೀರು, ಬಿಸ್ಕತ್ತು, ಟಾರ್ಚು, ಒಂದು ಸೀಟಿ. “ಸೀಟಿ ಯಾಕೆ ಬಾಯಮ್ಮ?” ಎಂದು ನಾನು ಒಮ್ಮೆ ನಗುತ್ತಾ ಕೇಳಿದಾಗ ಅವರು ನಗಲಿಲ್ಲ. “ಕಲ್ಲಿನ ಅಡಿಯಲ್ಲಿ ಬಿದ್ದ ಮೇಲೆ ಬೊಬ್ಬೆ ಹೊಡೀಲಿಕ್ಕೆ ಶಕ್ತಿ ಇರುದಿಲ್ಲ. ಬಾಯಿಯಲ್ಲಿ ಧೂಳು ತುಂಬಿರ್ತದೆ. ಸೀಟಿ ಆದ್ರೆ ಉಸಿರು ಬಿಟ್ರೆ ಸಾಕು,” ಎಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವರ ಜೊತೆ ಮಾತಾಡಿದವರೆಲ್ಲರಿಗೂ ಹೀಗೆ ಆಗುತ್ತಿತ್ತು. ಅವರ ಹೆದರಿಕೆ ನೆಗಡಿಯಂತೆ ಹರಡುತ್ತಿತ್ತು. ಅದಕ್ಕೇ ಹಲವರು ದೂರವಿದ್ದರು. ಗಂಡಸರು ಕಾರ್ ಪಾರ್ಕಿಂಗಿನಲ್ಲಿ ಅವರನ್ನು ಕಂಡರೆ “ಸಿಸ್ಟರ್, ಇವತ್ತು ಭೂಕಂಪ ಉಂಟಾ?” ಎಂದು ತಮಾಷೆ ಮಾಡುತ್ತಿದ್ದರು. ಬಾಯಮ್ಮ ಗಂಭೀರವಾಗಿ “ಹೇಳ್ಲಿಕ್ಕೆ ಆಗುದಿಲ್ಲ,” ಎಂದು ಉತ್ತರಿಸಿ ಹೋಗುತ್ತಿದ್ದರು.

ಅವರು ಒಂದು ಕಾಲದಲ್ಲಿ ಕನ್ಯಾಸ್ತ್ರೀಯಾಗಿದ್ದರು ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಅವರ ಮಠದವರು ಅವರನ್ನು ಟಾಂಜಾನಿಯಾದ ಉತ್ತರಕ್ಕೆ, ಒಂದು ಸಣ್ಣ ಮಿಷನ್ ಆಸ್ಪತ್ರೆಗೆ ಕಳಿಸಿದ್ದರು. ಆಸ್ಪತ್ರೆ ಇದ್ದದ್ದು ಒಂದು ಪರ್ವತದ ಬುಡದಲ್ಲಿ. ಸುತ್ತ ಸಮತಟ್ಟಾದ ಬಯಲು, ಅದರ ನಡುವೆ ಒಂಟಿಯಾಗಿ ಎದ್ದ ಪರ್ವತ. ಅರ್ಧಕ್ಕೆ ಕಾಡು, ಅದರ ಮೇಲೆ ಮೋಡ, ಮೋಡ ಸರಿದರೆ ಒಂದು ಕಡೆ ಒಡೆದುಹೋದ ಬಾಯಿ. ಬಹಳ ಹಿಂದೆ, ಮನುಷ್ಯರ ನೆನಪಿಗೂ ಹಿಂದೆ, ಅದು ಬೆಂಕಿ ಉಗುಳುತ್ತಿತ್ತಂತೆ. ಈಗ ಸತ್ತಿದೆ.

ಒಮ್ಮೆ ಊರಿನಿಂದ ಬಂದ ಯಾರೋ ಕೆಸುವಿನೆಲೆ ತಂದುಕೊಟ್ಟಿದ್ದರು. ಬಾಯಮ್ಮ ಪತ್ರೊಡೆ ಮಾಡಿ ನನ್ನನ್ನೂ ಮಗಳನ್ನೂ ಕರೆದರು. ನನ್ನ ಮಗಳಿಗೆ ಆಗ ಶಾಲೆಯಲ್ಲಿ ಜ್ವಾಲಾಮುಖಿಯ ಪಾಠ ನಡೆಯುತ್ತಿತ್ತು. ಬಾಯಮ್ಮ ಒಂದು ತುಂಡನ್ನು ತಟ್ಟೆಯಲ್ಲಿ ಅಡ್ಡ ನಿಲ್ಲಿಸಿ ತೋರಿಸಿದರು.

“ನೋಡು, ಎಲೆ, ಹಿಟ್ಟು, ಎಲೆ, ಹಿಟ್ಟು. ಆ ಪರ್ವತವೂ ಹೀಗೆಯೇ. ಒಮ್ಮೆ ಬೂದಿ, ಒಮ್ಮೆ ಕರಗಿದ ಕಲ್ಲು, ಪುನಃ ಬೂದಿ. ಹಾಗೆ ಹಾಗೆ ಬೆಳೆದು ಅಷ್ಟು ಎತ್ತರ ಆದದ್ದು.”

“ಬಟ್ ಇಟ್ಸ್ ಡೆಡ್, ರೈಟ್? ಎಕ್ಸ್‌ಟಿಂಕ್ಟ್ ಅಂದ್ರೆ ಸೇಫ್,” ಎಂದಳು ಮಗಳು.

ಬಾಯಮ್ಮ ತುಂಡನ್ನು ಮಲಗಿಸಿದರು. “ಪರ್ವತ ಸತ್ತದ್ದು ಹೌದು, ಪುಟ್ಟಾ. ಅದರ ಅಡಿಯ ನೆಲ ಸಾಯ್ಲಿಲ್ಲ.”

ಅದರ ಮುಂದೆ ಅಂದು ಅವರು ಏನೂ ಹೇಳಲಿಲ್ಲ. ಅಲ್ಲಿ ದೊಡ್ಡ ಕಂಪನಗಳಾದಾಗ ಉಳಿದವರೆಲ್ಲ ಓಡಿಹೋದರೂ ಇವರೊಬ್ಬರೇ ರೋಗಿಗಳ ಜೊತೆ ಉಳಿದಿದ್ದರು ಎಂದು ಅವರ ಚರ್ಚಿನ ಒಬ್ಬ ಹೆಂಗಸು ನನಗೆ ಹೇಳಿದ್ದಳು. ನಾನು ಅದನ್ನು ಎತ್ತಿದರೆ ಬಾಯಮ್ಮನ ಮುಖ ಮುಚ್ಚಿಕೊಳ್ಳುತ್ತಿತ್ತು. ನಾನು ಬಿಟ್ಟುಬಿಟ್ಟೆ.

ಆಮೇಲೆ ನಮ್ಮ ಮನೆಯಲ್ಲಿ ಅವಘಡವಾಯಿತು. ನನ್ನ ಗಂಡ ರಾಯ್ ಎಂಬ ಪ್ರದೇಶದ ಒಂದು ಟೈಲ್ಸ್ ಶೋರೂಮಿನಲ್ಲಿ ಕೆಲಸ ಮಾಡುತ್ತಾರೆ. ಮೇಲಿನ ಕಪಾಟಿನಿಂದ ಸ್ಯಾಂಪಲ್ ತೆಗೆಯಲು ಹತ್ತಿದ ಏಣಿ ಜಾರಿ, ತೊಡೆಯ ಮೂಳೆ ಮುರಿಯಿತು. ಒಳಗೆ ಸರಳು ಹಾಕಿ ಮನೆಗೆ ಕಳಿಸಿದರು. ರಕ್ತ ಹೆಪ್ಪುಗಟ್ಟದಿರಲು ದಿನವೂ ಹೊಟ್ಟೆಗೆ ಇಂಜೆಕ್ಷನ್ ಕೊಡಬೇಕಿತ್ತು. ನನಗೆ ಸೂಜಿ ಹಿಡಿದರೆ ಕಣ್ಣು ಕತ್ತಲೆ ಬರುತ್ತದೆ. ಬಾಯಮ್ಮನನ್ನು ಕೇಳಿದೆ.

“ನಿಮ್ಮದು ಏಳನೇ ಮಹಡಿ ಅಲ್ವಾ?” ಎಂದರು. ಅಷ್ಟೇ. ಹೌದು ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದರು. ಲಿಫ್ಟ್ ಹತ್ತಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತರು. ಒಳಗೆ ಬಂದವರು ಮೊದಲು ನೋಡಿದ್ದು ರೋಗಿಯನ್ನಲ್ಲ. ಮಂಚದ ಮೇಲಿನ ಗೋಡೆಯಲ್ಲಿದ್ದ ದೊಡ್ಡ ಕನ್ನಡಿಯನ್ನು. “ಇದನ್ನು ಇಳಿಸಿ. ಮೊದಲು ಇದನ್ನು ಇಳಿಸಿ,” ಎಂದರು. ನಾನು ಇಳಿಸಿದ ಮೇಲೆಯೇ ಚೀಲ ತೆರೆದರು. ಅವರ ಬೆರಳುಗಳು ಸದಾ ಸಣ್ಣಗೆ ನಡುಗುತ್ತಿದ್ದವು. ಆದರೆ ಸೂಜಿ ಚರ್ಮಕ್ಕೆ ತಾಗುವ ಹೊತ್ತಿಗೆ ಕೈ ನಿಂತುಬಿಡುತ್ತಿತ್ತು. ಕೆಲಸ ಮುಗಿದೊಡನೆ ಪುನಃ ನಡುಕ. ಚಹಾ ಕುಡಿಯಿರಿ ಎಂದರೆ “ಕೆಳಗೆ ಹೋಗಿ ಕುಡೀತೇನೆ” ಎಂದು ಇಳಿದು ಹೋಗುತ್ತಿದ್ದರು. ದಿನವೂ ಬಂದರು. ಹಬ್ಬದ ದಿನವೂ ಬಂದರು. ದಿನವೂ ಅಷ್ಟೇ ಹೆದರಿಕೊಂಡು ಬಂದರು.

ಇರಾನಿನ ಕಡೆ ಭೂಮಿ ಕಂಪಿಸಿದರೆ ಸಮುದ್ರ ದಾಟಿ ಅದರ ಅಲೆ ಇಲ್ಲಿಗೂ ಬರುತ್ತದೆ. ಎತ್ತರದ ಕಟ್ಟಡಗಳಲ್ಲಿ ಇದ್ದವರಿಗೆ ಅದು ಹೆಚ್ಚು ತಿಳಿಯುತ್ತದೆ. ಇದನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೆವು. ಓದುವುದು ಬೇರೆ, ಆಗುವುದು ಬೇರೆ.

ಅಂದು ನಾನು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ನಮ್ಮದು ಒಂಬತ್ತನೇ ಮಹಡಿ. ತಲೆ ತಿರುಗಿದಂತಾಯಿತು. ಊಟ ಸರಿಯಾಗಿ ಮಾಡಿಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ನಾನು ಕೂತ ಚಕ್ರದ ಕುರ್ಚಿ ತಾನಾಗಿಯೇ ಮೇಜಿನಿಂದ ದೂರ ಸರಿಯುತ್ತಿತ್ತು. ಕಿಟಕಿಯ ಪಟ್ಟಿಗಳು ಟಕಟಕ ಎಂದು ಗಾಜಿಗೆ ಬಡಿಯತೊಡಗಿದವು. ಮೂಲೆಯ ನೀರಿನ ಡಬ್ಬದಲ್ಲಿ ಒಂದರ ಹಿಂದೆ ಒಂದು ಗುಳ್ಳೆ. ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಿದ್ದರು, ಇದು ತನಗೆ ಮಾತ್ರ ಆಗುತ್ತಿದೆಯೋ ಎಂದು. ಎಲ್ಲೋ ಕಾಂಕ್ರೀಟಿನೊಳಗಿಂದ ಹಲ್ಲು ಕಡಿದಂಥ ಸದ್ದು ಬಂತು. ನಮ್ಮ ಈಜಿಪ್ಟಿನ ಮ್ಯಾನೇಜರು “ಯಲ್ಲಾ! ಬರ್ರಾ, ಬರ್ರಾ! ಎಲ್ಲ ಹೊರಗೆ!” ಎಂದು ಕಿರುಚಿದಾಗ ನಾವು ಮೆಟ್ಟಿಲಿಗೆ ನುಗ್ಗಿದೆವು.

ಕೆಳಗೆ ರಸ್ತೆ ತುಂಬ ಜನ. ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಹೆಂಗಸರು, ಬೋಳುತಲೆಯ ಮೇಲೆ ಫೈಲು ಹಿಡಿದುಕೊಂಡ ಒಬ್ಬ ಗಂಡಸು. ಎಲ್ಲರೂ ಮೇಲೆ ನೋಡುತ್ತಿದ್ದರು. ಆ ಹೊತ್ತಿಗೆ ನನಗೆ ನೆನಪಾಯಿತು: ಇದು ಬಾಯಮ್ಮ ಬರುವ ಸಮಯ. ಇವರು, ನನ್ನ ಗಂಡ, ಏಳನೇ ಮಹಡಿಯಲ್ಲಿ ಎದ್ದು ನಿಲ್ಲಲಾಗದೆ ಮಲಗಿದ್ದಾರೆ. ಫೋನು ಮಾಡಿದೆ. ಹೋಗಲಿಲ್ಲ. ಪುನಃ ಮಾಡಿದೆ. ಹೋಗಲಿಲ್ಲ. ಊರಿಗೆ ಊರೇ ಫೋನಿನಲ್ಲಿತ್ತು. ಒಂದು ಟ್ಯಾಕ್ಸಿಯನ್ನು ಅಡ್ಡಗಟ್ಟಿ ಹತ್ತಿದೆ. ಡ್ರೈವರ್ ಪಾಕಿಸ್ತಾನಿ ಮುದುಕ. ದಾರಿಯುದ್ದಕ್ಕೂ ಪ್ರಾರ್ಥನೆ ಮಾಡುತ್ತಿದ್ದ. ನಾನೂ ಮಾಡುತ್ತಿದ್ದೆ. ಏನು ಪ್ರಾರ್ಥಿಸಿದೆನೋ ತಿಳಿಯದು. ಕಣ್ಣ ಮುಂದೆ ನಮ್ಮ ಬಿಲ್ಡಿಂಗು ಮಡಚಿಕೊಂಡು ಬೀಳುತ್ತಲೇ ಇತ್ತು.

ಬಿಲ್ಡಿಂಗು ನಿಂತಿತ್ತು. ಕೆಳಗೆ ಎಲ್ಲ ಮನೆಯವರೂ ಸೇರಿದ್ದರು. ಎರಡನೇ ಮಹಡಿಯ ಗೆಳತಿಯ ಮನೆಯಲ್ಲಿ ಓದುತ್ತಿದ್ದ ನನ್ನ ಮಗಳು ಓಡಿ ಬಂದು ಅಪ್ಪಿಕೊಂಡಳು. “ಮಮ್ಮಾ, ಪಪ್ಪಾ ಈಸ್ ಸ್ಟಿಲ್ ಅಪ್‌ಸ್ಟೇರ್ಸ್! ಬಾಯಮ್ಮ ಆಲ್ಸೋ!”

ಕಟ್ಟಡ ನೋಡಿಕೊಳ್ಳುವ ಹಾರಿಸ್ ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. “ಮಾಫಿ ಲಿಫ್ಟ್, ಲಿಫ್ಟ್ ಇಲ್ಲ ಮೇಡಂ. ಮೇಲೆ ಹೋಗ್ಬೇಡಿ, ಇನ್ನೊಂದು ಬರ್ತದಂತೆ,” ಎಂದು ಹಿಂದಿಯಲ್ಲಿ ಗೋಗರೆದ. ಮಗಳನ್ನು ಗೆಳತಿಯ ತಾಯಿಗೆ ಒಪ್ಪಿಸಿ ಹತ್ತಿದೆ. ಗೋಡೆಯ ಸುಣ್ಣ ಮೆಟ್ಟಿಲ ಮೇಲೆ ಉದುರಿತ್ತು. ಕಾಲಡಿಯಲ್ಲಿ ಅದು ಚರಚರ ಎನ್ನುತ್ತಿದ್ದರೆ ನನಗೆ ಪ್ರತಿ ಹೆಜ್ಜೆಗೂ ಕಟ್ಟಡವೇ ಬಿರಿಯುತ್ತಿದೆ ಅನಿಸುತ್ತಿತ್ತು.

ಒಳಗೆ ಹೋದಾಗ ಇವರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಾಯಮ್ಮ ನೆಲದಲ್ಲಿ ಕೂತು ಎರಡೂ ಕೈಯಿಂದ ಮಂಚದ ಕಾಲನ್ನು ತಬ್ಬಿಕೊಂಡಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅವರ ಬಿಳಿ ಸಮವಸ್ತ್ರ ಒದ್ದೆಯಾಗಿ ನೆಲವೂ ಒದ್ದೆಯಾಗಿತ್ತು. ಇವರು ಕೈ ಚಾಚಿ ಅವರ ತಲೆಯ ಮೇಲೆ ಇಟ್ಟು, “ಏನಾಗಿಲ್ಲ ಬಾಯಮ್ಮ, ಏನಾಗಿಲ್ಲ,” ಎನ್ನುತ್ತಿದ್ದರು.

ಅಷ್ಟರಲ್ಲಿ ಇನ್ನೊಂದು ಬಂತು. ಸಣ್ಣದು. ಮೇಲಿನ ದೀಪ ನಿಧಾನವಾಗಿ ಆ ಕಡೆ ಈ ಕಡೆ ತೂಗಿತು. ಬಾಯಮ್ಮನ ಬಾಯಿಂದ ಒಂದು ಶಬ್ದ ಬಂತು. ಅದು ಕಿರುಚಾಟವಲ್ಲ. ಕರುವಿನ ಕೂಗಿನಂಥದು. ನಾನೂ ಅವರ ಪಕ್ಕದಲ್ಲಿ ಆ ಒದ್ದೆ ನೆಲದಲ್ಲೇ ಕೂತು ಅವರನ್ನು ಹಿಡಿದುಕೊಂಡೆ. ದೀಪ ನಿಲ್ಲುವವರೆಗೆ ಮೂವರೂ ಅದನ್ನೇ ನೋಡುತ್ತಿದ್ದೆವು.

ಹೆಚ್ಚಿನ ಅನಾಹುತವಾಗಲಿಲ್ಲ. ಕೆಲವು ಗೋಡೆಗಳು ಬಿರುಕುಬಿಟ್ಟವು, ಅಷ್ಟೇ. ಆದರೆ ಬಿಲ್ಡಿಂಗಿನಲ್ಲಿ ಬಾಯಮ್ಮನ ಬಗೆಗಿನ ಮಾತು ಬದಲಾಯಿತು. ಎಲ್ಲರೂ ಇಳಿದು ಓಡಿದಾಗ ಅವರು ಮಾತ್ರ ರೋಗಿಯನ್ನು ಬಿಟ್ಟು ಬರಲಿಲ್ಲ ಎಂದು ಇವರೇ ಫೋನಿನಲ್ಲಿ ಹತ್ತು ಜನರಿಗೆ ಹೇಳಿದರು. ತಮಾಷೆ ಮಾಡುತ್ತಿದ್ದ ಗಂಡಸರು ಎದ್ದುನಿಂತು ನಮಸ್ಕರಿಸತೊಡಗಿದರು. ನಮ್ಮ ಊರಿನವರ ಸಂಘದವರು ವಾರ್ಷಿಕೋತ್ಸವದಲ್ಲಿ ಶಾಲು ಹೊದೆಸಿ ಸನ್ಮಾನ ಮಾಡುವುದೆಂದು ನಿಶ್ಚಯಿಸಿದರು.

ಆ ಸುದ್ದಿ ತಿಳಿದ ದಿನವೇ ಬಾಯಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದರು. ಭೂಕಂಪದ ದಿನ ಎಷ್ಟು ಬಿಳಿಚಿದ್ದರೋ ಅಷ್ಟೇ ಬಿಳಿಚಿದ್ದರು.

“ನಿಲ್ಲಿಸು ಮಾರಾಯ್ತಿ. ಶಾಲು ಗೀಲು ಬೇಡ. ನೀನು ಹೇಳಿದ್ರೆ ಅವರು ಕೇಳ್ತಾರೆ.”

“ಯಾಕೆ ಬಾಯಮ್ಮ? ನೀವು ಮಾಡಿದ್ದು ಸಣ್ಣ ಕೆಲಸವಾ?”

“ನಾನು ಏನೂ ಮಾಡ್ಲಿಲ್ಲ. ಕಾಲು ಬರ್ಲಿಲ್ಲ.”

“ಹಾಗಂದ್ರೆ?”

“ಹಾಗಂದ್ರೆ ಹಾಗೆಯೇ. ಓಡ್ಬೇಕು ಅಂತ ಇತ್ತು. ಕಾಲು ಬರ್ಲಿಲ್ಲ. ನಿನ್ನ ಗಂಡನಿಗೋಸ್ಕರ ನಿಂತದ್ದಲ್ಲ. ಅಲ್ಲಿಯೂ ಹಾಗೆಯೇ ಆದದ್ದು.”

ಅಂದು ಅವರು ಆ ಪರ್ವತದ ಕತೆಯನ್ನು ಪೂರ್ತಿ ಹೇಳಿದರು. ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡು ಹೇಳಿದರು. ಅವರು ಇರುವವರೆಗೆ ಆ ಮಾತನ್ನು ಉಳಿಸಿಕೊಂಡೆ. ನನ್ನ ಗಂಡನಿಗೂ ಹೇಳಲಿಲ್ಲ.

ಮೊದಲು ತೊರೆಯ ನೀರು ಕೆಂಪಗಾಯಿತಂತೆ. ಆಮೇಲೆ ದನಗಳು ಪರ್ವತದ ಕಡೆಗೆ ಮೇಯಲು ಹೋಗದಾದವು. ಆಮೇಲೆ ನೆಲದಡಿಯಿಂದ ಲಾರಿ ಹೋದಂಥ ಸದ್ದು. ಆ ಊರಿನವರು ಭೂಕಂಪಕ್ಕೆ ತೇತೇಮೆಕೊ ಎನ್ನುತ್ತಾರೆ. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಆಮೇಲೆ ಲೆಕ್ಕವಿಲ್ಲ. ಪರ್ವತ ಏಳುತ್ತಿದೆ ಎಂದು ಜನ ಗಂಟುಮೂಟೆ ಕಟ್ಟಿದರು. ಆಸ್ಪತ್ರೆಯಲ್ಲಿದ್ದ ಎಲ್ಲರೂ ಬೆಳಿಗ್ಗೆ ಎದ್ದ ತಕ್ಷಣ ಅದರ ತುದಿಯನ್ನೇ ನೋಡುತ್ತಿದ್ದರು, ಹೊಗೆ ಇದೆಯೇ ಎಂದು.

ಪಟ್ಟಣದಿಂದ ಒಬ್ಬ ಭೂವಿಜ್ಞಾನಿ ಬಂದ. ಆಸ್ಪತ್ರೆಯ ಅಂಗಳದಲ್ಲಿ ಗುಂಡಿ ತೋಡಿ ಒಂದು ಯಂತ್ರ ಹೂತ. ಕೆಲವು ದಿನ ನೋಡಿ ಎಲ್ಲರನ್ನೂ ಸೇರಿಸಿ ಹೇಳಿದ: ಪರ್ವತಕ್ಕೆ ಹೆದರಬೇಡಿ, ಅದು ಸತ್ತಿದೆ, ಅದರೊಳಗೆ ಬೆಂಕಿ ಇಲ್ಲ, ಅದರ ಅಡಿಯಲ್ಲಿ, ಬಹಳ ಆಳದಲ್ಲಿ, ಭೂಮಿ ಎರಡಾಗಿ ಎಳೆಯಲ್ಪಡುತ್ತಿದೆ, ಕಂಪನ ಬರುತ್ತಿರುವುದು ಆ ಬಿರುಕಿನಿಂದ.

“ಸಮಾಧಾನ ಮಾಡ್ಲಿಕ್ಕೆ ಹೇಳಿದ್ದು ಪಾಪ ಅವನು,” ಎಂದರು ಬಾಯಮ್ಮ. “ಹೆಣ ಎದ್ದು ಕೂರುದಿಲ್ಲ, ಹೆಣ ಮಲಗಿದ ಮಂಚ ಅಲುಗಾಡ್ತಾ ಉಂಟು, ಅಷ್ಟೇ ಅಂತ. ನನಗೆ ಅಲ್ಲಿಯವರೆಗೆ ಪರ್ವತದ ಹೆದರಿಕೆ ಇತ್ತು. ಪರ್ವತ ಕಾಣ್ತದೆ. ಅದರಿಂದ ದೂರ ಓಡ್ಬಹುದು. ನೆಲದಿಂದ ಎಲ್ಲಿಗೆ ಓಡುದು? ಆವತ್ತಿನಿಂದ ನನಗೆ ನೆಲದ ಹೆದರಿಕೆ.”

ದೊಡ್ಡದು ಬಂದದ್ದು ಒಂದು ಮಧ್ಯಾಹ್ನ. ಚಾಪೆಲ್ಲಿನ ಗೋಪುರ ಉರುಳಿತು. ಪರ್ವತದ ಮೇಲಿನಿಂದ ಬಂಡೆಗಳು ಹೊರಳುವ ಸದ್ದು ಕೇಳಿಸಿತು. ಮಿಷನ್ನಿನ ಲಾರಿಯಲ್ಲಿ ನಡೆಯಬಲ್ಲ ರೋಗಿಗಳನ್ನೂ, ಸಿಸ್ಟರುಗಳನ್ನೂ ತುಂಬಿದರು. ಎತ್ತಲಾಗದವರು ಮೂವರಿದ್ದರು. ಹೆರಿಗೆಯ ಆಪರೇಷನ್ ಆದ ಇಬ್ಬರು ಹೆಂಗಸರು, ಮುರಿದ ಕಾಲನ್ನು ತೂಕ ಕಟ್ಟಿ ಮೇಲೆತ್ತಿ ಇಟ್ಟಿದ್ದ ಒಬ್ಬ ಅಜ್ಜ. ಅವರಿಗಾಗಿ ಲಾರಿ ಪುನಃ ಬರುವುದೆಂದಾಯಿತು. ಲಾರಿ ಹೋಯಿತು. ಅದರ ಹಿಂದೆಯೇ ಬಂಡೆಗಳು ಬಿದ್ದು ರಸ್ತೆ ಮುಚ್ಚಿಹೋಯಿತು.

“ಆಗ ನಾನು ಔಷಧಿ ಕೋಣೆಯಲ್ಲಿ ಮೇಜಿನ ಅಡಿಯಲ್ಲಿದ್ದೆ. ಲಾರಿಯ ಹಾರ್ನ್ ಕೇಳ್ತಾ ಇತ್ತು. ನನ್ನ ಹೆಸರು ಹಿಡಿದು ಕರೀತಾ ಇದ್ರು. ಹೋಗ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತುಂಟಾ? ಕಾಲು ನನ್ನದಲ್ಲ ಅನ್ನುವ ಹಾಗೆ ಆಗಿತ್ತು. ನಾನು ಬೇಕಂತಲೇ ರೋಗಿಗಳ ಜೊತೆ ಉಳಿದೆ ಅಂತ ಅವರು ತಿಳ್ಕೊಂಡ್ರು.”

“ಆಮೇಲೆ?”

“ಆಮೇಲೆ ಎಂತ? ಮಕ್ಕಳು ಅಳ್ತಾ ಇದ್ವು. ಅಜ್ಜ ನೀರು ಕೇಳ್ತಾ ಇದ್ದ. ಕೈಕಾಲು ಊರಿಕೊಂಡು ತೆವಳ್ತಾ ಹೋದೆ. ಲೋಟ ಹಿಡ್ಕೊಂಡು ತೆವಳ್ಲಿಕ್ಕೆ ಆಗುದಿಲ್ಲ. ಬಟ್ಟೆ ಒದ್ದೆ ಮಾಡಿ ಕಚ್ಚಿಕೊಂಡು ಹೋದೆ. ಮೊದಲನೇ ದಿನ ಪೂರ್ತಿ ನಾನು ನಾಯಿಯ ಹಾಗೆಯೇ ಇದ್ದೆ.”

ರಸ್ತೆ ತೆರವಾಗಿ ಲಾರಿ ಬರುವಾಗ ಹಲವು ದಿನಗಳಾಗಿದ್ದವು. ಮೂವರೂ ಬದುಕಿದ್ದರು, ಎರಡು ಶಿಶುಗಳೂ ಬದುಕಿದ್ದವು. ಬಂದವರು ಬಾಯಮ್ಮನ ಕಾಲಿಗೆ ಬಿದ್ದರು. ಚರ್ಚಿನಲ್ಲಿ ಅವರ ಬಗ್ಗೆ ಪ್ರಸಂಗವಾಯಿತು. ಬಾಯಮ್ಮ ಮಠದ ಹಿರಿಯ ಸಿಸ್ಟರ್ ಹತ್ತಿರ ಹೋಗಿ ನಿಜ ಹೇಳಿದರಂತೆ. ಆಕೆ ಬಾಯಮ್ಮನ ಕೆನ್ನೆ ಸವರಿ, “ಎಂಥ ವಿನಯ ನಿನ್ನದು,” ಎಂದರಂತೆ.

“ನಿಜ ಹೇಳಿದ್ರೆ ಅದಕ್ಕೆ ವಿನಯ ಅಂತ ಹೆಸರಿಟ್ರು. ಇನ್ನು ನಾನು ಯಾರ ಹತ್ರ ಹೇಳುದು? ಸಿಸ್ಟರುಗಳ ಬಟ್ಟೆ ಬಿಚ್ಚಿಟ್ಟು ಮಠ ಬಿಟ್ಟು ಬಂದೆ. ನಕ್ಷೆ ನೋಡಿ ಎಲ್ಲಿ ಪರ್ವತವೇ ಇಲ್ಲ, ಎಲ್ಲಿ ನೆಲ ಚಪ್ಪಟೆ ಉಂಟು ಅಂತ ಹುಡುಕಿ ಕುವೈತಿಗೆ ಬಂದೆ.” ಆಮೇಲೆ ಸೇರಿಸಿದರು, “ಇಲ್ಲಿಯೂ ನೆಲ ಉಂಟು.”

ಇಷ್ಟೆಲ್ಲ ಮಾಡಿದ್ದು ಧೈರ್ಯವಲ್ಲದೆ ಇನ್ನೇನು ಎಂದು ನಾನು ಕೇಳಬಹುದಿತ್ತು. ಅವರ ಮುಖ ನೋಡಿ ಕೇಳಲಿಲ್ಲ. ಸಂಘದವರಿಗೆ ಏನೋ ನೆವ ಹೇಳಿ ಸನ್ಮಾನ ನಿಲ್ಲಿಸಿದೆ. ನನ್ನ ಗಂಡನ ಇಂಜೆಕ್ಷನ್‌ಗಳು ಮುಗಿದವು, ಕಾಲು ಕೂಡಿತು, ಕೋಲು ಹಿಡಿದು ನಡೆಯತೊಡಗಿದರು. ನನಗೆ ಮಾತ್ರ ಬಾಯಮ್ಮನ ರೋಗ ಅಂಟಿತು. ಮಂಚದ ಪಕ್ಕ ಒಂದು ಲೋಟ ನೀರಿಡುತ್ತೇನೆ, ಕುಡಿಯಲಿಕ್ಕಲ್ಲ. ಇಲ್ಲಿ ಎಣ್ಣೆ ಬಾವಿಗಳ ಕಡೆಯೂ ನೆಲ ಆಗಾಗ ಸಣ್ಣಗೆ ನಡುಗುತ್ತದಂತೆ. ಅಂಥ ಸುದ್ದಿ ಬಂದ ದಿನ ಆ ನೀರಿನ ಮೇಲ್ಮೈಯನ್ನೇ ನೋಡುತ್ತಾ ಮಲಗುತ್ತೇನೆ.

ಎರಡು ವರ್ಷಗಳ ಹಿಂದೆ ಕ್ಲಿನಿಕ್ಕಿನವರು ವಯಸ್ಸಾಯಿತೆಂದು ಬಾಯಮ್ಮನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ನವೀಕರಿಸಲಿಲ್ಲ. “ಖಲಾಸ್, ಇನ್ನು ಊರು,” ಎಂದರು. ಹೊರಡುವ ಮುಂಚಿನ ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಕರೆದೆ. ಕೋರಿರೊಟ್ಟಿ ಮಾಡಿದ್ದೆ. ಮೆಟ್ಟಿಲು ಹತ್ತಿಯೇ ಬಂದರು. ಆ ವಯಸ್ಸಿನಲ್ಲಿ ಏಳು ಮಹಡಿ ಹತ್ತಿ, ಬಾಗಿಲಲ್ಲಿ ಕೂತು ಸುಧಾರಿಸಿಕೊಂಡು ಒಳಗೆ ಬಂದರು.

ಊಟವಾದ ಮೇಲೆ, ಹೊರಡುತ್ತಿದ್ದೇನಲ್ಲ ಎಂಬ ಸಲಿಗೆಯಿಂದಲೋ ಏನೋ, ಅವರು ನನ್ನ ಗಂಡನ ಕಡೆ ತಿರುಗಿ ಹೇಳಿದರು, “ನಿಮ್ಮ ಹತ್ರ ಒಂದು ಮಾತು ಬಾಕಿ ಉಂಟು. ಅವತ್ತು ನಾನು ನಿಮಗೋಸ್ಕರ ಉಳಿದದ್ದಲ್ಲ. ನನ್ನ ಕಾಲು ಬರ್ಲಿಲ್ಲ. ಬಂದಿದ್ರೆ ನಿಮ್ಮನ್ನು ಬಿಟ್ಟು ಹೋಗ್ತಿದ್ದೆ. ಕ್ಷಮಿಸಬೇಕು.”

ಇವರು ಬಾಯಮ್ಮನನ್ನು ನೋಡಿದರು, ನನ್ನನ್ನು ನೋಡಿದರು.

“ಕಾಲು ಬರ್ಲಿಲ್ಲವಾ? ಯಾರು ಹೇಳಿದ್ದು?”

“ನಾನೇ ಹೇಳ್ತಾ ಇದ್ದೇನಲ್ಲ.”

“ನೀವು ಹೋದಿರಿ ಬಾಯಮ್ಮ,” ಎಂದರು ಇವರು. “ಅಲುಗಾಡ್ಲಿಕ್ಕೆ ಶುರುವಾದ ಕೂಡ್ಲೇ ನೀವು ಸೂಜಿ ಎಸೆದು ಬಾಗಿಲು ತೆಗೆದು ಓಡಿದ್ರಿ. ಮೆಟ್ಟಿಲಲ್ಲಿ ನಿಮ್ಮ ಬೂಟಿನ ಸದ್ದು ಕೇಳ್ತಾ ಇತ್ತು. ಕೆಳಗೆ ಕೆಳಗೆ ಹೋಗಿ ಕೇಳದ ಹಾಗಾಯ್ತು. ಇನ್ನು ನಾನೊಬ್ಬನೇ ಅಂತ ನಾನು ದೇವರನ್ನು ಕರೀತಾ ಇದ್ದೆ. ಆಮೇಲೆ ಪುನಃ ಸದ್ದು ಬಂತು. ಮೇಲೆ ಬರುವ ಸದ್ದು. ಬಿಲ್ಡಿಂಗ್ ಆಗಲೂ ಅಲುಗಾಡ್ತಾ ಇತ್ತು. ನೀವು ಒಳಗೆ ಬಂದು ಮಂಚದ ಕಾಲು ಹಿಡಿದು ಕೂತ್ರಿ.”

ನನಗೆ ಇದು ಗೊತ್ತೇ ಇರಲಿಲ್ಲ. “ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?” ಎಂದು ಇವರನ್ನು ಕೇಳಿದೆ.

“ಹೇಗೆ ಹೇಳುದು? ಬಿಟ್ಟು ಓಡಿದ್ರು ಅಂತ ಹೇಳಿದ್ರೆ ಅವರಿಗೆ ಅವಮಾನ ಅಲ್ವಾ? ಬಂದ್ರಲ್ಲ, ಅಷ್ಟು ಸಾಕು ಅಂತ ಬಿಟ್ಟೆ. ಅವರಿಗೇ ನೆನಪಿಲ್ಲ ಅಂತ ನನಗೆ ಹೇಗೆ ಗೊತ್ತು?”

ಬಾಯಮ್ಮ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. “ಸುಳ್ಳು ಹೇಳ್ಬೇಡಿ,” ಎಂದರು. ದನಿ ಗದರಿಸಿದಂತಿತ್ತು. “ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳ್ಬೇಡಿ.”

“ನನ್ನ ಮಗಳ ಆಣೆ,” ಎಂದರು ಇವರು.

ಅವರು ಎದ್ದರು. ಸೆರಗು ಸರಿಮಾಡಿಕೊಂಡು, ಹೋಗಿ ಬರುತ್ತೇನೆ ಎಂದೂ ಹೇಳದೆ ಬಾಗಿಲು ದಾಟಿದರು. ನಾನು ಹಿಂದೆಯೇ ಹೋದೆ. ಅವರು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಪ್ರತಿ ಮಹಡಿಯಲ್ಲೂ ನಿಂತು ಸುತ್ತ ನೋಡುತ್ತಿದ್ದರು. ಆರನೇ ಮಹಡಿ. ಯಾರದೋ ಮನೆಯ ಹೊರಗೆ ಸೈಕಲ್. ತಲೆಯಾಡಿಸಿದರು. ಐದನೆಯದು. ಅಲ್ಲ. ಐದಕ್ಕೂ ನಾಲ್ಕಕ್ಕೂ ನಡುವಿನ ತಿರುವಿನಲ್ಲಿ ಒಂದು ಸಣ್ಣ ಕಿಟಕಿ ಇದೆ. ಅದರಿಂದ ಪಾರ್ಕಿಂಗ್ ಜಾಗ ಕಾಣುತ್ತದೆ. ಅಲ್ಲಿ ಅವರು ನಿಂತವರು ಮುಂದೆ ಹೋಗಲಿಲ್ಲ.

“ಇಲ್ಲಿ,” ಎಂದರು.

ನಾನು ಅವರ ಪಕ್ಕಕ್ಕೆ ಇಳಿದೆ.

“ಇಲ್ಲಿಂದ ಜನ ಕಾಣ್ತಾ ಇದ್ರು. ಹಾರಿಸ್ ನನ್ನನ್ನು ನೋಡಿ ಬಾ ಬಾ ಅಂತ ಕೈ ಮಾಡಿದ. ಗೋಡೆಯಿಂದ ಸುಣ್ಣ ಬೀಳ್ತಾ ಇತ್ತು, ನನ್ನ ಕೂದಲಿನ ಮೇಲೆ.” ಅವರು ತಲೆಯನ್ನು ಮುಟ್ಟಿ ನೋಡಿಕೊಂಡರು. ನಾನು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದೆ. “ಅಯ್ಯೋ ದೇವರೇ, ಎಷ್ಟು ಹೆದರಿಕೆ ಆಗಿತ್ತು ನನಗೆ. ಎಷ್ಟು ಹೆದರಿಕೆ.”

ಯಾರೋ ಸಾಮಾನಿನ ಚೀಲ ಹಿಡಿದು ಮೇಲೆ ಹೋದರು. ನಾವು ಗೋಡೆಗೆ ಸರಿದು ದಾರಿ ಬಿಟ್ಟೆವು. ಬಾಯಮ್ಮ ಬಹಳ ಹೊತ್ತು ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ಕುತ್ತಿಗೆ ಹಿಂದಕ್ಕೆ ಬಾಗಿಸಿ, ನಾವು ಇಳಿದು ಬಂದ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

“ಇಷ್ಟನ್ನು ನಾನು ಹತ್ತಿದೆನಾ ಮಾರಾಯ್ತಿ?” ಎಂದರು.